ಒಂದು ಸರೋವರ, ಎರಡು ಕೋಲು: ಬೇಸಿಗೆಯಲ್ಲಿ ಬಾಸ್ ಮೀನಿಗೆ ಗಾಳ ಹಾಕುವ ಬಗೆ

ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಜುಲೈ ತಿಂಗಳ ಮೊದಲ ವಾರಗಳಲ್ಲಿ ಬೆಳಗಿನ ಐದೂವರೆಯ ಹೊತ್ತಿಗೆ ಸೂರ್ಯ ಹುಟ್ಟಿ, ರಾತ್ರಿ ಒಂಬತ್ತರ ಸುಮಾರಿಗೆ ಮುಳುಗುತ್ತಾನೆ. ಹದಿನೈದು ಗಂಟೆಗೂ ಮೀರಿದ ಈ ಹಗಲಿನಲ್ಲಿ ಬಾಸ್ ಮೀನು ಒಂದೇ ಜಾಗದಲ್ಲಿ ನಿಂತಿರುವುದಿಲ್ಲ. ಮುಂಜಾವದಲ್ಲಿ ಮೊಣಕಾಲುದ್ದದ ನೀರಿಗೆ ಬಂದು ಕಪ್ಪೆಯನ್ನು ನುಂಗುವ ಮೀನೇ ಮಧ್ಯಾಹ್ನ ಹದಿನೈದು ಅಡಿ ಆಳದ ಜಲಕಳೆಯ ನೆರಳಿನಲ್ಲಿ ಅಲುಗಾಡದೆ ಇರುತ್ತದೆ. ಆದ್ದರಿಂದ ಫ್ಲೈ ರಾಡ್ ಮೇಲೋ, ಸ್ಪಿನ್ನಿಂಗ್ ರಾಡ್ ಮೇಲೋ ಎಂದು ಗಾಳಗಾರರು ನಡೆಸುವ ವಾದದಲ್ಲಿ ನನಗೆ ಆಸಕ್ತಿಯಿಲ್ಲ. ಯಾವ ಕೋಲನ್ನು ಕೈಗೆತ್ತಿಕೊಳ್ಳಬೇಕು ಎಂಬುದನ್ನು ಗಡಿಯಾರ ಮತ್ತು ನೀರಿನ ಆಳ ಇವೆರಡೇ ತೀರ್ಮಾನಿಸುತ್ತವೆ. ಈ ಲೇಖನದಲ್ಲಿ ಮಿನಿಯಾಪೊಲಿಸ್ ನಗರದ ಪಶ್ಚಿಮಕ್ಕಿರುವ, ಸುಮಾರು 14,500 ಎಕರೆ ವಿಸ್ತಾರದ, ಹತ್ತಾರು ಕೊಲ್ಲಿಗಳಾಗಿ ಚಾಚಿಕೊಂಡಿರುವ ಮಿನೆಟೊಂಕಾ ಸರೋವರವನ್ನು ಮುಂದಿಟ್ಟುಕೊಂಡು, ಒಂದು ಬೇಸಿಗೆಯ ದಿನವನ್ನು ಎರಡು ಕೋಲುಗಳೊಂದಿಗೆ ಹೇಗೆ ಕಳೆಯಬಹುದು ಎಂಬುದನ್ನು ಹಂತಹಂತವಾಗಿ ವಿವರಿಸಿದ್ದೇನೆ. ಉತ್ತರ ಅಮೆರಿಕದ ಇಂಥ ಇತರ ಸರೋವರಗಳಿಗೂ ಇದರ ಬಹುಪಾಲು ಹೊಂದುತ್ತದೆ.

ಮೊದಲು ಮೀನಿನ ಪರಿಚಯ. ಇಲ್ಲಿ ಎರಡು ಬಗೆಯ ಬಾಸ್ ಸಿಗುತ್ತವೆ. ಲಾರ್ಜ್‌ಮೌತ್ ಹಸಿರು ಮೈಯದು, ಪಕ್ಕೆಯ ಉದ್ದಕ್ಕೂ ಕಪ್ಪು ಪಟ್ಟೆ ಹರಿದಿರುತ್ತದೆ, ಬಾಯಿ ಮುಚ್ಚಿದಾಗ ಮೇಲ್ದವಡೆಯ ತುದಿ ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗಿರುತ್ತದೆ. ಸ್ಮಾಲ್‌ಮೌತ್ ಕಂಚಿನ ಬಣ್ಣದ್ದು, ಪಟ್ಟೆಗಳು ಮೇಲಿನಿಂದ ಕೆಳಕ್ಕೆ ಇಳಿದಿರುತ್ತವೆ, ಕಣ್ಣು ಕೆಂಪು, ದವಡೆ ಕಣ್ಣಿನ ಕೆಳಗೇ ನಿಲ್ಲುತ್ತದೆ. ಲಾರ್ಜ್‌ಮೌತ್‌ಗೆ ಕಳೆ, ಜೊಂಡು, ನೆರಳು ಬೇಕು. ಸ್ಮಾಲ್‌ಮೌತ್‌ಗೆ ಕಲ್ಲು, ಜಲ್ಲಿ, ಕೊಂಚ ತಣ್ಣನೆಯ ತಿಳಿನೀರು ಬೇಕು. ಎರಡೂ ನಮ್ಮ ಕೆರೆಗಳ ಕಾಟ್ಲಾ, ರೋಹುಗಳಂತೆ ಹಿಟ್ಟಿನ ಉಂಡೆಗೆ ಬರುವ ಮೀನುಗಳಲ್ಲ. ಇವು ಹೊಂಚು ಹಾಕಿ ಹಿಡಿಯುವ ಬೇಟೆಗಾರರು, ಹಾಗಾಗಿ ಇಲ್ಲಿ ನಡೆಯುವ ಕೆಲಸವೆಲ್ಲ ಜೀವವಿಲ್ಲದ ವಸ್ತುವನ್ನು ಜೀವವಿರುವಂತೆ ಕುಣಿಸುವುದರಲ್ಲೇ ಇದೆ.

ಹೊರಡುವ ಮುನ್ನ

ಮಿನೆಸೋಟಾದಲ್ಲಿ 16 ವರ್ಷ ತುಂಬಿದವರಿಗೆ ಮೀನು ಹಿಡಿಯಲು ಪರವಾನಗಿ ಬೇಕು. ರಾಜ್ಯದ ನಿವಾಸಿಗಳಿಗೆ ಸಿಗುವ ಕಡಿಮೆ ದರದ ಪರವಾನಗಿಗೆ ಕನಿಷ್ಠ 60 ದಿನ ಅಲ್ಲಿ ವಾಸವಾಗಿರಬೇಕು ಎಂಬ ನಿಯಮವಿರುವುದರಿಂದ, ಹೊಸದಾಗಿ ಕೆಲಸಕ್ಕೆ ಬಂದವರು ಇದನ್ನು ಗಮನಿಸಬೇಕು. ಬೇಸಿಗೆಗೆಂದು ಊರಿನಿಂದ ಬಂದ ತಂದೆತಾಯಿಯರು ಕೋಲು ಹಿಡಿಯುವುದಾದರೆ ಅವರಿಗೂ ಹೊರಗಿನವರ ಪರವಾನಗಿ ಕೊಳ್ಳಬೇಕು. ಅದು 24 ಗಂಟೆ, 72 ಗಂಟೆ, 7 ದಿನಗಳಿಗೂ ದೊರೆಯುತ್ತದೆ. ಇನ್ನೊಂದು ಮುಖ್ಯ ಸಂಗತಿಯೆಂದರೆ, ಬೇಸಿಗೆಯಲ್ಲಿ ಒಬ್ಬರು ನೀರಿನಲ್ಲಿ ಒಂದೇ ಲೈನು (ಗಾಳದ ದಾರ) ಇಟ್ಟಿರಬಹುದು. ದೋಣಿಯಲ್ಲಿ ಎರಡು ಕೋಲು ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಆದರೆ ಒಂದನ್ನು ಬಳಸುವಾಗ ಇನ್ನೊಂದು ಒಣಗಿರಬೇಕು. ಎಷ್ಟು ಮೀನು, ಯಾವ ಅಳತೆಯ ಮೀನು ಇಟ್ಟುಕೊಳ್ಳಬಹುದು ಎಂಬುದು ಸರೋವರದಿಂದ ಸರೋವರಕ್ಕೆ ಬದಲಾಗುವುದರಿಂದ ಆ ವರ್ಷದ ನಿಯಮ ಪುಸ್ತಕವನ್ನೇ ನೋಡಿಕೊಳ್ಳಿ.

ಎರಡು ಕೋಲುಗಳ ನಡುವಿನ ನಿಜವಾದ ವ್ಯತ್ಯಾಸ ಭಾರ ಎಲ್ಲಿದೆ ಎಂಬುದರಲ್ಲಿದೆ. ಸ್ಪಿನ್ನಿಂಗ್ ಕೋಲಿನಲ್ಲಿ ತುದಿಗೆ ಕಟ್ಟಿದ ತೂಕದ ಗಾಳ ಹಾರಿ, ತೆಳ್ಳನೆಯ ಲೈನನ್ನು ತನ್ನ ಹಿಂದೆ ಎಳೆದುಕೊಂಡು ಹೋಗುತ್ತದೆ. ಫ್ಲೈ ಕೋಲಿನಲ್ಲಿ ಇದು ಪೂರ್ತಿ ತಿರುವುಮುರುವು: ಗರಿ, ಜಿಂಕೆಯ ಕೂದಲು, ಕಾರ್ಕ್‌ಗಳಿಂದ ಕಟ್ಟಿದ ಫ್ಲೈಗೆ ಹೇಳಿಕೊಳ್ಳುವಂಥ ತೂಕವೇ ಇಲ್ಲ, ದಪ್ಪನೆಯ ಲೈನೇ ಬೀಸಿದ ರಭಸಕ್ಕೆ ಹಾರಿ ಫ್ಲೈಯನ್ನು ಹೊತ್ತೊಯ್ಯುತ್ತದೆ. ಎಂಟನೆಯ ನಂಬರಿನ ಫ್ಲೈ ಲೈನಿನ ಮೊದಲ 30 ಅಡಿ 210 ಗ್ರೇನ್, ಅಂದರೆ ಸುಮಾರು ಹದಿಮೂರೂವರೆ ಗ್ರಾಂ ತೂಗುತ್ತದೆ. ಬಾಸ್‌ಗೆ ಬೇಕಾದ ದಪ್ಪ ತಲೆಯ ಪಾಪರ್ (ನೀರಿನ ಮೇಲೆ ತೇಲಿ ಸದ್ದು ಮಾಡುವ ಫ್ಲೈ) ಅನ್ನು ಗಾಳಿಗೆದುರಾಗಿ ಒಯ್ಯಲು ಅಷ್ಟು ಭಾರ ಅಗತ್ಯ. ಟ್ರೌಟ್ ಮೀನಿಗೆಂದು ಕೊಂಡ ಐದನೆಯ ನಂಬರಿನ ಕೋಲು ಮನೆಯಲ್ಲಿದೆ, ಅದರಲ್ಲೇ ಸುಧಾರಿಸೋಣ ಎಂದು ಹೊರಟವರು ಅರ್ಧ ಗಂಟೆಯಲ್ಲಿ ಭುಜ ಹಿಡಿದುಕೊಂಡು ಕೂರುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಹಾಗಾಗಿ 9 ಅಡಿಯ, ಎಂಟನೆಯ ನಂಬರಿನ ಕೋಲು ಕೊಳ್ಳಿ, ಏಳಾದರೂ ನಡೆಯುತ್ತದೆ. ಅದಕ್ಕೆ ಮುಂಭಾಗದಲ್ಲಿ ಭಾರ ಹೆಚ್ಚಿರುವ, ತೇಲುವ, ಬಾಸ್ ಎಂದೇ ಗುರುತಿಟ್ಟು ಮಾರುವ ಲೈನು ಇರಲಿ. ಲೈನಿನ ತುದಿಗೆ ಏಳೂವರೆ ಅಡಿಯ ಲೀಡರ್, ಅಂದರೆ ಲೈನಿಗೂ ಫ್ಲೈಗೂ ನಡುವಿನ ತೆಳ್ಳನೆಯ ದಾರ, ಕಟ್ಟಿ. ಅದರ ಕೊನೆಯ ಭಾಗ 12 ಪೌಂಡ್ ಬಲದ ನೈಲಾನ್ ಆಗಿರಲಿ. ಫ್ಲೋರೊಕಾರ್ಬನ್ ಎಂಬ ಇನ್ನೊಂದು ಬಗೆಯ ದಾರ ಇಲ್ಲಿ ಬೇಡ, ಅದು ಮುಳುಗುವ ಗುಣದ್ದಾದ್ದರಿಂದ ತೇಲುವ ಪಾಪರ್‌ನ ಮೂಗನ್ನು ಕೆಳಕ್ಕೆ ಎಳೆಯುತ್ತದೆ. ಫ್ಲೈಗಳಲ್ಲಿ ನಾಲ್ಕೈದು ಪಾಪರ್, ಒಂದೆರಡು ಜಿಂಕೆ ಕೂದಲಿನ ಕಪ್ಪೆಗಳು, ಕಪ್ಪು ಮತ್ತು ಆಲಿವ್ ಬಣ್ಣದ ವೂಲಿ ಬಗ್ಗರ್, ಜೊತೆಗೆ ಲೋಹದ ಕಣ್ಣುಗಳಿರುವ ಕ್ಲೌಸರ್ ಮಿನ್ನೋ ಸಾಕು. ಈ ಕೊನೆಯದನ್ನು ಪೆನ್ಸಿಲ್ವೇನಿಯಾದ ಬಾಬ್ ಕ್ಲೌಸರ್ ಸಸ್ಕ್ವೆಹಾನಾ ನದಿಯ ಸ್ಮಾಲ್‌ಮೌತ್‌ಗಾಗಿಯೇ ರೂಪಿಸಿದರು.

ಸ್ಪಿನ್ನಿಂಗ್‌ಗೆ 7 ಅಡಿಯ, ಮಧ್ಯಮ ಬಲದ, ತುದಿ ಚುರುಕಾಗಿ ಬಾಗುವ ಕೋಲು, 2500 ಅಳತೆಯ ರೀಲು, 10 ಪೌಂಡಿನ ಹೆಣೆದ ಲೈನು, ಅದರ ತುದಿಗೆ ಆರೇಳು ಅಡಿ ಉದ್ದದ 8 ಅಥವಾ 10 ಪೌಂಡಿನ ಫ್ಲೋರೊಕಾರ್ಬನ್ ಲೀಡರ್. ಎರಡನ್ನೂ ಡಬಲ್ ಯೂನಿ ಗಂಟಿನಿಂದ ಸೇರಿಸಿ, ಬಿಗಿಯುವ ಮುನ್ನ ಎಂಜಲಿನಿಂದ ಒದ್ದೆ ಮಾಡಿ. ಒಣಗಂಟು ಬಿಸಿಯಾಗಿ ಒಳಗಿಂದೊಳಗೇ ಸುಟ್ಟು ದುರ್ಬಲವಾಗುತ್ತದೆ. ಗಾಳ ನೀರಿಗೆ ಬಿದ್ದ ಕೂಡಲೇ ರೀಲಿನ ಬೇಲನ್ನು, ಅಂದರೆ ಲೈನನ್ನು ಬಿಡುವ ಮತ್ತು ತಡೆಯುವ ತಂತಿಯ ಕಮಾನನ್ನು, ರೀಲಿನ ಹಿಡಿ ತಿರುಗಿಸಿ ಮುಚ್ಚದೆ ಎಡಗೈಯಿಂದ ಮುಚ್ಚಿ, ಸಡಿಲ ಲೈನನ್ನು ಒಮ್ಮೆ ಎಳೆದು ಬಿಗಿ ಮಾಡುವುದು ಒಳ್ಳೆಯದು. ಇಷ್ಟು ಚಿಕ್ಕ ಅಭ್ಯಾಸವಿಲ್ಲದವರ ರೀಲಿನಿಂದ ದಿನಕ್ಕೆರಡು ಬಾರಿಯಾದರೂ ಹಕ್ಕಿಗೂಡಿನಂಥ ಗೋಜಲು ಹೊರಬರುತ್ತದೆ.

ಫ್ಲೈ ಬೀಸುವುದನ್ನು ಸರೋವರದಲ್ಲಿ ಕಲಿಯಬೇಡಿ. ಕೊಕ್ಕೆಯ ಬದಲಿಗೆ ಉಣ್ಣೆಯ ತುಂಡೊಂದನ್ನು ಕಟ್ಟಿ ಹುಲ್ಲುಹಾಸಿನ ಮೇಲೆ ವಾರವಿಡೀ ಅಭ್ಯಾಸ ಮಾಡಿ. ಹಿಂದಕ್ಕೆ ಬೀಸಿದ ಲೈನು ಬೆನ್ನ ಹಿಂದೆ ಪೂರ್ತಿ ಚಾಚಿಕೊಳ್ಳುವವರೆಗೆ ಕಾದು, ಆಮೇಲೆ ಮುಂದಕ್ಕೆ ತರಬೇಕು. ಈ ಕಾಯುವಿಕೆ ನನಗೆ ಒಗ್ಗದ ಮೊದಲ ಬೇಸಿಗೆಯಲ್ಲಿ ಪಾಪರ್ ಬಂದು ಕುಳಿತದ್ದು ನನ್ನ ಕಿವಿಯ ಮೇಲ್ತುದಿಯಲ್ಲಿ. ಕೊಕ್ಕೆಯ ತುದಿಯ ಬಳಿ ಹಿಮ್ಮುಖವಾಗಿರುವ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಟ್ಟಿದ್ದರಿಂದ ಎರಡು ಹನಿ ರಕ್ತಕ್ಕೆ ಮುಗಿಯಿತು, ಇಲ್ಲದಿದ್ದರೆ ಆ ದಿನ ಆಸ್ಪತ್ರೆಯಲ್ಲಿ ಕಳೆಯುತ್ತಿತ್ತು. ನೀವೂ ಎಲ್ಲ ಕೊಕ್ಕೆಗಳ ಮುಳ್ಳು ಒತ್ತಿಬಿಡಿ. ಟೋಪಿ ಮತ್ತು ಕನ್ನಡಕ ಇಲ್ಲದೆ ಫ್ಲೈ ಬೀಸಬೇಡಿ. ಕನ್ನಡಕ ಪೋಲರೈಸ್ಡ್ ಆಗಿದ್ದರೆ ನೀರಿನ ಮೇಲಿನ ಹೊಳಪು ಕತ್ತರಿಸಿ ಕೆಳಗಿನ ಕಳೆಯ ಅಂಚೂ ಕಾಣುತ್ತದೆ.

ನೀರನ್ನು ಓದುವುದು

ಬೇಸಿಗೆಯಲ್ಲಿ ಆಳವಾದ ಸರೋವರ ಪದರಗಳಾಗಿ ಬೇರ್ಪಡುತ್ತದೆ. ಬಿಸಿಲಿಗೆ ಕಾದ ಹಗುರ ನೀರು ಮೇಲೆ, ತಣ್ಣನೆಯ ಭಾರದ ನೀರು ಕೆಳಗೆ, ಇವೆರಡರ ನಡುವೆ ಕೆಲವೇ ಅಡಿಗಳಲ್ಲಿ ತಾಪಮಾನ ಸರ್ರನೆ ಇಳಿಯುವ ಥರ್ಮೊಕ್ಲೈನ್ ಎಂಬ ಪದರ. ಕೆಳಗಿನ ನೀರಿಗೆ ಗಾಳಿಯ ಸಂಪರ್ಕ ತಪ್ಪಿಹೋಗಿ, ತಳದಲ್ಲಿ ಕೊಳೆಯುವ ಸಸ್ಯರಾಶಿ ಇದ್ದಬದ್ದ ಆಮ್ಲಜನಕವನ್ನು ತಿಂದು ಮುಗಿಸುವುದರಿಂದ, ಫಲವತ್ತಾದ ಸರೋವರಗಳಲ್ಲಿ ಆಗಸ್ಟ್ ವೇಳೆಗೆ ಅಲ್ಲಿ ಬಾಸ್ ಬದುಕಲಾರದು. ಮಿನೆಟೊಂಕಾದ ಅತಿ ಆಳ 113 ಅಡಿ ಇದ್ದರೂ ನಮಗೆ ಬೇಕಾದುದು ಮೇಲಿನ ಇಪ್ಪತ್ತು, ಇಪ್ಪತ್ತೈದು ಅಡಿ ಮಾತ್ರ. ಸರೋವರದ ಬಹುಭಾಗವನ್ನು ಹೀಗೆ ಮನೆಯಲ್ಲಿ ಕುಳಿತೇ ತಳ್ಳಿಹಾಕಬಹುದು.

ಉಳಿದ ಭಾಗದಲ್ಲಿ ಹುಡುಕಬೇಕಾದುದು ಕಳೆಯ ಹೊರ ಅಂಚನ್ನು. ಮಿನೆಟೊಂಕಾದಲ್ಲಿ 1987ರಲ್ಲಿ ಕಾಣಿಸಿಕೊಂಡ ಯುರೇಷ್ಯನ್ ಮಿಲ್‌ಫಾಯಿಲ್ ಎಂಬ ಹೊರಗಿನ ಜಲಕಳೆ ಇಂದು ಕೊಲ್ಲಿಗಳ ತುಂಬ ಹರಡಿದೆ. ದೋಣಿಯವರಿಗೆ ಅದು ಶಾಪ, ಲಾರ್ಜ್‌ಮೌತ್‌ಗೆ ಮನೆ. ಬೆಳಕು ಇಳಿಯುವಷ್ಟು ಆಳಕ್ಕೆ, ಸಾಮಾನ್ಯವಾಗಿ ಹತ್ತರಿಂದ ಹದಿನೈದು ಅಡಿಯವರೆಗೆ, ಕಳೆ ಬೆಳೆದು ಅಲ್ಲಿ ಗೋಡೆಯಂತೆ ನಿಲ್ಲುತ್ತದೆ. ಆ ಗೋಡೆ ನೇರವಾಗಿರುವ ಕಡೆ ಮೀನು ಕಡಿಮೆ. ಅದು ಒಳಕ್ಕೆ ಮಡಿಚುವ ಮೂಲೆ, ಹೊರಕ್ಕೆ ಚಾಚುವ ಮೂತಿ, ನಡುವೆ ಜಲ್ಲಿ ಕಾಣುವ ಬಯಲು, ಒಂದು ಜಾತಿಯ ಕಳೆ ಮುಗಿದು ಇನ್ನೊಂದು ಶುರುವಾಗುವ ಜಾಗ, ಇವೇ ಮೀನು ನಿಲ್ಲುವ ಕಟ್ಟೆಗಳು. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಲೇಕ್‌ಫೈಂಡರ್ ತಾಣದಲ್ಲಿ ಆಳದ ನಕ್ಷೆಗಳಿವೆ. ಹಿಂದಿನ ರಾತ್ರಿಯೇ ಅವನ್ನು ತೆರೆದು, 5 ಅಡಿಯ ಗೆರೆ ಮತ್ತು 15 ಅಡಿಯ ಗೆರೆ ಹತ್ತಿರ ಹತ್ತಿರ ಬರುವ ಮೂರು ಜಾಗಗಳನ್ನು ಗುರುತಿಸಿಕೊಳ್ಳಿ. ಬೆಳಗ್ಗೆ ಮೇಲೆ ಬಂದ ಮೀನು ಹಗಲೇರಿದಂತೆ ಕೆಳಕ್ಕಿಳಿಯಲು ದೂರ ಹೋಗಬೇಕಿಲ್ಲದ ಜಾಗಗಳಿವು, ನೀವೂ ದೋಣಿಯನ್ನು ಹೆಚ್ಚು ಸರಿಸಬೇಕಿಲ್ಲ.

ಮುಂಜಾವ: ಫ್ಲೈ ಕೋಲಿನ ಹೊತ್ತು

ಬೆಳಕು ಹರಿಯುವ ಮುನ್ನವೇ ನೀರಿನ ಮೇಲಿರಬೇಕು. ಗಾಳಿ ಎದ್ದಿರುವುದಿಲ್ಲ, ನೈದಿಲೆಯ ಎಲೆಗಳ ನಡುವೆ ಕಪ್ಪೆಗಳು ಓಡಾಡುತ್ತಿರುತ್ತವೆ, ಏರೋಪ್ಲೇನ್ ಚಿಟ್ಟೆಗಳು ಜೊಂಡಿನ ಕಡ್ಡಿಗಳಿಗೆ ಅಂಟಿಕೊಂಡಿರುತ್ತವೆ. ಎರಡರಿಂದ ಐದು ಅಡಿ ನೀರಿರುವ ಜೊಂಡಿನ ಅಂಚಿಗೆ ದೋಣಿಯನ್ನು ಸುಮ್ಮನೆ ತೇಲಿಬಿಟ್ಟು, ಗುರಿಯಿಂದ ಸುಮಾರು 40 ಅಡಿ ದೂರದಲ್ಲಿ ನಿಲ್ಲಿಸಿ. ಹುಟ್ಟು ದೋಣಿಯ ಬದಿಗೆ ಒಮ್ಮೆ ಬಡಿದರೂ ಆ ಜಾಗವನ್ನು ಹತ್ತು ನಿಮಿಷ ಬಿಟ್ಟುಬಿಡಬೇಕಾಗುತ್ತದೆ.

ಪಾಪರ್ ಅನ್ನು ಎಲೆಗಳ ಅಂಚಿನಿಂದ ಒಂದು ಗೇಣಿನಷ್ಟು ಈಚೆಗೆ ಬೀಳಿಸಿ, ಕೋಲಿನ ತುದಿಯನ್ನು ನೀರಿಗೆ ತಾಗುವಷ್ಟು ಕೆಳಗಿಳಿಸಿ, ಏನನ್ನೂ ಮಾಡದೆ ಕಾಯಿರಿ. ಬಿದ್ದಾಗ ಎದ್ದ ಉಂಗುರಗಳು ಪೂರ್ತಿ ಅಳಿಸಿಹೋಗಬೇಕು. ಹೊಸಬರಿಗೆ ಇದಕ್ಕಿಂತ ಕಷ್ಟದ ಕೆಲಸವಿಲ್ಲ, ಆದರೆ ಅರ್ಧಕ್ಕರ್ಧ ಹೊಡೆತಗಳು ಬರುವುದು ಈ ನಿಶ್ಶಬ್ದದಲ್ಲೇ. ನಂತರ ಎಡಗೈಯಿಂದ ಲೈನನ್ನು ನಾಲ್ಕು ಬೆರಳಿನಷ್ಟು ಚುರುಕಾಗಿ ಎಳೆಯಿರಿ. ಪಾಪರ್‌ನ ಟೊಳ್ಳು ಮುಖ ನೀರನ್ನು ತಳ್ಳಿ ‘ಬ್ಲುಪ್’ ಎಂದು ಸದ್ದು ಮಾಡುತ್ತದೆ. ಮತ್ತೆ ಕಾಯಿರಿ. ಕೋಲನ್ನು ಎತ್ತಿ ಪಾಪರ್ ಕುಣಿಸುವ ಚಟ ಬೇಡ, ಏಕೆಂದರೆ ಎತ್ತಿದ ಕೋಲಿನ ಕೆಳಗೆ ಜೋತುಬಿದ್ದ ಲೈನಿನಿಂದ ಮೀನನ್ನು ಕೊಕ್ಕೆಗೆ ಸಿಲುಕಿಸಲಾಗದು.

ಕಿವಿಯನ್ನೂ ಕೆಲಸಕ್ಕೆ ಹಚ್ಚಿ. ಅಂಗೈಯಗಲದ ಬ್ಲೂಗಿಲ್ ಮೀನುಗಳು ಪಾಪರ್‌ನ ರಬ್ಬರ್ ಕಾಲುಗಳನ್ನು ಕಚ್ಚಿದಾಗ ‘ಚಪ್ ಚಪ್’ ಎಂಬ ಸಣ್ಣ ಸದ್ದು ಬರುತ್ತದೆ, ಅದಕ್ಕೆ ಪ್ರತಿಕ್ರಿಯಿಸಬೇಕಿಲ್ಲ. ಬಾಸ್ ಕಚ್ಚುವುದಿಲ್ಲ. ಅದು ಬಾಯಿಯನ್ನೂ ಕಿವಿರುಗಳನ್ನೂ ಒಮ್ಮೆಲೇ ಅಗಲಿಸಿ ಸುತ್ತಲಿನ ನೀರಿನ ಸಮೇತ ಒಳಕ್ಕೆ ಹೀರುತ್ತದೆ, ಆಗ ಬಿಂದಿಗೆ ಮುಳುಗಿದಂತೆ ‘ಗುಳುಕ್’ ಎನ್ನುತ್ತದೆ, ಪಾಪರ್ ಇದ್ದ ಕಡೆ ಒಂದು ಸುಳಿ ಮಾತ್ರ ಉಳಿಯುತ್ತದೆ. ಸದ್ದಿಗೆ ಬೆಚ್ಚಿ ಕೋಲು ಎತ್ತಿದರೆ ಪಾಪರ್ ನಿಮ್ಮ ಮುಖದ ಕಡೆಗೆ ಹಾರಿ ಬರುತ್ತದೆ. ಕೋಲನ್ನು ಮೀನಿನ ಕಡೆಗೇ ನೇರವಾಗಿಟ್ಟು, ಭಾರ ಕೈಗೆ ತಾಗಿದ ಮೇಲೆ ಲೈನನ್ನು ಉದ್ದಕ್ಕೆ ಒಮ್ಮೆ ಬಲವಾಗಿ ಎಳೆದು, ಆಮೇಲಷ್ಟೇ ಕೋಲೆತ್ತಿ. ಕಳೆಯ ಪಕ್ಕದಲ್ಲಿ ಮೀನಿಗೆ ಲೈನು ಬಿಟ್ಟು ಆಡಿಸುವ ಸೊಗಸಿಗೆ ಜಾಗವಿಲ್ಲ. ಅದರ ತಲೆಯನ್ನು ಮೊದಲ ಮೂರು ಸೆಕೆಂಡಿನಲ್ಲೇ ಬಯಲು ನೀರಿನ ಕಡೆಗೆ ತಿರುಗಿಸಿದವರಿಗೆ ಮೀನು, ಉಳಿದವರಿಗೆ ಒಂದು ಹೊರೆ ಹಾವಸೆ.

ಹಗಲೇರಿದ ಮೇಲೆ: ಸ್ಪಿನ್ನಿಂಗ್ ಕೋಲು

ಎಂಟೂವರೆ, ಒಂಬತ್ತರ ಹೊತ್ತಿಗೆ ಮೇಲಿನ ಆಟ ಮುಗಿಯುತ್ತದೆ. ಮೋಡವಿದ್ದರೆ ಇನ್ನೊಂದು ಗಂಟೆ ಸಿಗಬಹುದು. ಆಮೇಲೂ ಪಾಪರ್ ಬೀಸುತ್ತ ಕೂರುವುದು ಹಟವೇ ಹೊರತು ಗಾಳಗಾರಿಕೆಯಲ್ಲ. ಫ್ಲೈ ಲೈನನ್ನು ಸುತ್ತಿಟ್ಟು ಕಳೆಯ ಹೊರ ಅಂಚಿಗೆ ಬನ್ನಿ.

ಇಲ್ಲಿ ಮೊದಲು ಎಸೆಯಬೇಕಾದುದು ವ್ಯಾಕಿ ರಿಗ್ ಎಂಬ ಜೋಡಣೆಯನ್ನು. ಐದು ಇಂಚಿನ ಮೆತ್ತನೆಯ ಪ್ಲಾಸ್ಟಿಕ್ ಹುಳುವಿನ ನಡುವಿಗೆ ರಬ್ಬರ್ ಉಂಗುರ ತೊಡಿಸಿ, ಅದರಡಿ ಕೊಕ್ಕೆ ಸಿಕ್ಕಿಸಿದರೆ ಆಯಿತು, ಬೇರೆ ತೂಕ ಬೇಡ. ಕಳೆಯ ಅಂಚಿಗೆ ಎಸೆದು ಲೈನನ್ನು ಸಡಿಲ ಬಿಟ್ಟರೆ ಹುಳುವಿನ ಎರಡೂ ತುದಿ ಸಣ್ಣಗೆ ನಡುಗುತ್ತ ನಿಧಾನವಾಗಿ ಇಳಿಯುತ್ತದೆ. ಇಳಿಯುವಾಗಲೇ ಮೀನು ಹಿಡಿಯುವುದರಿಂದ ಕಣ್ಣು ಲೈನಿನ ಮೇಲಿರಬೇಕು: ಅದು ಪಕ್ಕಕ್ಕೆ ಸರಿದರೆ, ಇದ್ದಕ್ಕಿದ್ದಂತೆ ಜಿಗಿದರೆ, ತಳ ಮುಟ್ಟುವ ಮೊದಲೇ ನಿಂತುಬಿಟ್ಟರೆ, ಮೀನು ಹಿಡಿದಿದೆ ಎಂದರ್ಥ. ಹಾಸನದ ಕಡೆಯ ಕೆರೆಗಳಲ್ಲಿ ಜೋಳದ ದಂಟಿನ ಬೆಂಡು ಕಟ್ಟಿ ಗಾಳ ಹಾಕಿ ಅಭ್ಯಾಸವಿದ್ದ ನಮ್ಮಪ್ಪ ಒಂದು ಬೇಸಿಗೆ ಇಲ್ಲಿಗೆ ಬಂದಾಗ ಈ ರಿಗ್ ಅವರ ಕೈಗೆ ಕೊಟ್ಟೆ. “ಬೆಂಡೇ ಇಲ್ದೆ ಗಾಳ ಹಾಕಿ ಏನ್ ನೋಡ್ಲೋ ನಾನು?” ಎಂದರು. “ಲೈನೇ ಬೆಂಡು ಅಂದ್ಕೊಳ್ಳಪ್ಪ” ಎಂದೆ. ಎರಡನೆಯ ಎಸೆತದಲ್ಲಿ, ನಾನಿನ್ನೂ ಫ್ಲಾಸ್ಕಿನ ಮುಚ್ಚಳ ತೆಗೆಯುತ್ತಿರುವಾಗ, ನೀರಿನ ಮೇಲೆ ಮಲಗಿದ್ದ ಲೈನು ಒಂದಿಂಚು ಎಡಕ್ಕೆ ಸರಿದದ್ದನ್ನು ಅವರೇ ಕಂಡರು. ಐವತ್ತು ವರ್ಷ ಬೆಂಡು ನೋಡಿದ ಕಣ್ಣಿಗೆ ಅಷ್ಟು ಸಾಕಾಗಿತ್ತು.

ಕಳೆಯ ಒಳಕ್ಕೇ ನುಗ್ಗಬೇಕಾದಾಗ ಟೆಕ್ಸಸ್ ರಿಗ್ ಬಳಸಿ. ಇದರಲ್ಲಿ ಗುಂಡಿನಾಕಾರದ ಸಣ್ಣ ತೂಕ ಲೈನಿನ ಮೇಲೆ ಜಾರಾಡುತ್ತದೆ, ಕೊಕ್ಕೆಯ ಮೊನೆ ಪ್ಲಾಸ್ಟಿಕ್ ಹುಳುವಿನ ಮೈಯೊಳಗೇ ಅಡಗಿರುತ್ತದೆ, ಹಾಗಾಗಿ ಸಿಕ್ಕಿಕೊಳ್ಳುವುದಿಲ್ಲ. ಬಿರುಬಿಸಿಲಿನ ಮಧ್ಯಾಹ್ನ ಮೀನು ಅಂಚಿನಿಂದಲೂ ಕೆಳಗೆ ಹದಿನೆಂಟು, ಇಪ್ಪತ್ತು ಅಡಿಗೆ ಇಳಿದಿದ್ದರೆ ಡ್ರಾಪ್ ಶಾಟ್: ತೂಕ ತುದಿಯಲ್ಲಿ, ಅದರಿಂದ ಒಂದಡಿ ಮೇಲೆ ಪಾಲೊಮಾರ್ ಗಂಟಿನಿಂದ ಕಟ್ಟಿದ ಸಣ್ಣ ಕೊಕ್ಕೆ. ತೂಕ ತಳದಲ್ಲಿ ಕುಳಿತಿರುವಾಗ ಹುಳು ಮಾತ್ರ ಮೀನಿನ ಕಣ್ಣೆದುರು ಅಲುಗುತ್ತಿರುತ್ತದೆ. ತೂಕಗಳು ಸೀಸದ ಬದಲು ಟಂಗ್‌ಸ್ಟನ್‌ನದಾಗಿರಲಿ. ಮಿನೆಸೋಟಾದ ರಾಜ್ಯಪಕ್ಷಿ ಲೂನ್ ತಳದ ಸಣ್ಣ ಕಲ್ಲುಗಳನ್ನು ನುಂಗುವಾಗ ಕಳೆದುಹೋದ ಸೀಸದ ಗುಂಡುಗಳನ್ನೂ ನುಂಗಿ ಸಾಯುತ್ತದೆ.

ಮನೆಗಳ ಮುಂದೆ ದೋಣಿ ಕಟ್ಟಲು ಹಾಕಿರುವ ಹಲಗೆಯ ಅಟ್ಟಗಳ, ಅಂದರೆ ಡಾಕ್‌ಗಳ ನೆರಳನ್ನೂ ಬಿಡಬೇಡಿ; ಆಳದ ನೀರಿಗೆ ಚಾಚಿಕೊಂಡ, ನೀರಿಗೆ ತಾಗುವಷ್ಟು ತಗ್ಗಾಗಿರುವ ಹಳೆಯ ಡಾಕ್‌ಗಳು ಉತ್ತಮ. ಆದರೆ ಅದು ಬೇರೆಯವರ ಆಸ್ತಿ, ಅವರ ದೋಣಿಗೆ ಗಾಳ ಬಡಿದರೆ ಮೊದಲು ಕ್ಷಮೆ ಕೇಳಬೇಕು. ಲೈನು ಚಾಕುವಿನಿಂದ ಕತ್ತರಿಸಿದಂತೆ ತುಂಡಾದರೆ ಅದು ಗಂಟಿನ ತಪ್ಪಲ್ಲ, ಪೈಕ್ ಮೀನಿನ ಹಲ್ಲಿನ ಕೆಲಸ.

ಸ್ಮಾಲ್‌ಮೌತ್ ಬೇಕೆನ್ನುವವರು ಎರಡು ಗಂಟೆ ಉತ್ತರಕ್ಕೆ ಪ್ರಯಾಣಿಸಿ ಮಿಲ್ ಲ್ಯಾಕ್ಸ್ ಸರೋವರಕ್ಕೆ ಹೋಗಬೇಕು. ಸುಮಾರು 1,32,000 ಎಕರೆಯಷ್ಟು ಹರಡಿದ್ದರೂ ಅದರ ಅತಿ ಆಳ 42 ಅಡಿ ಮಾತ್ರ. ಅಲ್ಲಿ ಹುಡುಕಬೇಕಾದುದು ಕಳೆಯನ್ನಲ್ಲ, ನೀರೊಳಗಿನ ಬಂಡೆರಾಶಿಗಳನ್ನು. ಅಣಬೆ ತಲೆಯ ಸಣ್ಣ ಜಿಗ್ಗಿಗೆ (ತಲೆಯಲ್ಲೇ ತೂಕವಿರುವ ಕೊಕ್ಕೆಗೆ) ಎರಡೂ ಮುಕ್ಕಾಲು ಇಂಚಿನ ಪ್ಲಾಸ್ಟಿಕ್ ತುಂಡು ಸಿಕ್ಕಿಸಿದ ನೆಡ್ ರಿಗ್ ಅನ್ನು ಬಂಡೆಗಳ ಮೇಲೆ ನಿಧಾನವಾಗಿ ಎಳೆದರೆ ಅದು ತಳದಲ್ಲಿ ತೆವಳುವ, ಸಿಗಡಿಯಂಥ ಕ್ರೇಫಿಶ್‌ನಂತೆ ಕಾಣುತ್ತದೆ. ಹತ್ತು ಅಡಿಯೊಳಗಿನ ಬಂಡೆಗಳಿಗೆ ತುದಿ ಮುಳುಗುವ ಫ್ಲೈ ಲೈನು, ನಾಲ್ಕಡಿಯ ಚಿಕ್ಕ ಲೀಡರ್, ಕ್ಲೌಸರ್ ಮಿನ್ನೋ ಹಿಡಿದು ಹಗಲಿನಲ್ಲೂ ಫ್ಲೈ ಕೋಲು ಬಳಸಬಹುದು. ಅದಕ್ಕೂ ಕೆಳಗೆ ಫ್ಲೈ ಇಳಿಸುವುದು ಸಾಧ್ಯವಿದ್ದರೂ ಕಾಯುವಿಕೆಗೆ ತಕ್ಕ ಫಲವಿಲ್ಲ ಎಂಬುದು ನನ್ನ ಅಭಿಪ್ರಾಯ. ಈ ಸರೋವರದಲ್ಲಿ ಗಾಳಿ ಎದ್ದರೆ ಅಲೆಗಳು ಸಣ್ಣ ದೋಣಿಯನ್ನು ಲೆಕ್ಕಕ್ಕಿಡುವುದಿಲ್ಲ. ಕಯಾಕಿನವರು ದಡದ ಹತ್ತಿರವೇ ಇರಬೇಕು. ಎಲ್ಲೇ ಆಗಲಿ, ಗುಡುಗು ಕೇಳಿದೊಡನೆ ನೀರು ಬಿಟ್ಟು ಹೊರಬನ್ನಿ. ಕೈಯಲ್ಲಿರುವ ಗ್ರಾಫೈಟ್ ಕೋಲು ವಿದ್ಯುತ್ ವಾಹಕ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾದು ಮರಳುವುದು ನಿಯಮ.

ಸಂಜೆ ಏಳರ ನಂತರ ಬೆಳಗಿನ ಕ್ರಮವನ್ನೇ ಹಿಂದುಮುಂದಾಗಿ ನಡೆಸಬೇಕು. ಹಗಲು ಮೀನು ಸಿಕ್ಕ ಕಳೆಯ ಅಂಚಿನ ಒಳಬದಿಗೆ ಸರಿದು, ನೆರಳು ನೀರಿನ ಮೇಲೆ ಚಾಚಿದ ಕಡೆಯಿಂದ ಫ್ಲೈ ಕೋಲನ್ನು ಮತ್ತೆ ಎತ್ತಿಕೊಳ್ಳಿ. ಕತ್ತಲಾಗುತ್ತಿದ್ದಂತೆ ಕಪ್ಪು ಬಣ್ಣದ ಪಾಪರ್ ಕಟ್ಟಿ, ಏಕೆಂದರೆ ಕೆಳಗಿನಿಂದ ನೋಡುವ ಮೀನಿಗೆ ಆಕಾಶದ ಎದುರು ಕಪ್ಪು ಆಕಾರವೇ ಸ್ಪಷ್ಟವಾಗಿ ಕಾಣುತ್ತದೆ.

ಮೀನು ಕೈಗೆ ಬಂದ ಮೇಲೆ

ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗಿರುತ್ತದೆ. ಮೇಲ್ಮೈ ನೀರು 80 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 27 ಡಿಗ್ರಿ ಸೆಲ್ಸಿಯಸ್ ದಾಟಿದ ದಿನಗಳಲ್ಲಿ ದಣಿದ ಮೀನು ಚೇತರಿಸಿಕೊಳ್ಳುವುದು ಕಷ್ಟ. ಬೇಗ ಎಳೆದು ತನ್ನಿ, ರಬ್ಬರ್ ಬಲೆ ಬಳಸಿ, ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಒಣಗೈ ಮೈಮೇಲಿನ ಲೋಳೆಯನ್ನು ಕಿತ್ತರೆ ಸೋಂಕು ತಗಲುತ್ತದೆ. ಬಾಸ್‌ನ ಕೆಳತುಟಿಯನ್ನು ಹೆಬ್ಬೆರಳಿನಿಂದ ಹಿಡಿಯಬಹುದು, ಅದರ ಹಲ್ಲು ಮರಳು ಕಾಗದದಷ್ಟೇ ಒರಟು. ಆದರೆ ದೊಡ್ಡ ಮೀನನ್ನು ದವಡೆಯಿಂದ ಅಡ್ಡಕ್ಕೆ ತೂಗುಹಾಕದೆ, ಹೊಟ್ಟೆಯ ಕೆಳಗೆ ಇನ್ನೊಂದು ಕೈ ಕೊಡಬೇಕು. ನೀವು ಉಸಿರು ಬಿಗಿಹಿಡಿಯಬಲ್ಲಷ್ಟು ಹೊತ್ತಿನಲ್ಲಿ ಫೋಟೋ ಮುಗಿಯಲಿ. ವ್ಯಾಕಿ ರಿಗ್‌ನ ಹುಳುವನ್ನು ಮೀನು ಗಂಟಲಿಗೆ ನುಂಗಿದ್ದರೆ ಕಿತ್ತು ರಕ್ತ ಹರಿಸುವ ಬದಲು ಲೈನನ್ನು ಬಾಯಿಯ ಬಳಿ ಕತ್ತರಿಸಿ ಬಿಡುವುದು ಮೇಲು. ಮೂವತ್ತು ಅಡಿ ಆಳದಿಂದ ಎಳೆದ ಸ್ಮಾಲ್‌ಮೌತ್‌ನ ಗಾಳಿಚೀಲ ಊದಿಕೊಂಡು ಅದು ಮರಳಿ ಮುಳುಗಲಾರದೆ ತೇಲುವುದುಂಟು. ಅಂಥದ್ದೊಂದು ಕಂಡ ಕೂಡಲೇ ಆ ಆಳವನ್ನು ಬಿಟ್ಟು ಬನ್ನಿ.

ತಿನ್ನುವ ಆಸೆಯಿದ್ದರೆ ಚಿಕ್ಕ ಮೀನನ್ನೇ ಇಟ್ಟುಕೊಳ್ಳಿ, ಏಕೆಂದರೆ ಬೇಟೆಯಾಡುವ ಮೀನು ದೊಡ್ಡದಾದಷ್ಟೂ ಮೈಯಲ್ಲಿ ಪಾದರಸ ಹೆಚ್ಚುತ್ತದೆ. ರಾಜ್ಯದ ಆರೋಗ್ಯ ಇಲಾಖೆ ಸರೋವರವಾರು ಸಲಹೆ ಪ್ರಕಟಿಸುತ್ತದೆ. ನನ್ನನ್ನು ಕೇಳಿದರೆ, ಖಾರ ಹಚ್ಚಿ ರವೆಯಲ್ಲಿ ಹೊರಳಿಸಿ ಹುರಿಯಲು ಬೆಳಗ್ಗೆ ಪಾಪರ್ ಕಾಲು ಕಚ್ಚಿದ ಆ ಬ್ಲೂಗಿಲ್‌ಗೆ ಸಮನಾದುದು ಇನ್ನೊಂದಿಲ್ಲ.

ದೋಣಿ ಮೇಲೇರಿಸಿದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಮಿನೆಟೊಂಕಾದಲ್ಲಿ 2010ರಲ್ಲಿ ಪತ್ತೆಯಾದ ಜೀಬ್ರಾ ಮಸೆಲ್ ಎಂಬ ಚಿಪ್ಪುಜೀವಿ ಬೇರೆ ಸರೋವರಗಳಿಗೆ ಹರಡುವುದು ದೋಣಿಗಳ ಮೂಲಕವೇ. ದೋಣಿ, ಟ್ರೈಲರ್, ಲಂಗರಿಗೆ ಅಂಟಿದ ಪ್ರತಿಯೊಂದು ಕಳೆಯ ಎಳೆಯನ್ನು ಅಲ್ಲೇ ಕಿತ್ತುಹಾಕಿ, ಒಳಗಿನ ನೀರೆಲ್ಲವನ್ನೂ ಬಸಿದು, ಬಸಿಗುಂಡಿಯ ಬಿರಡೆ ತೆಗೆದಿಟ್ಟೇ ರಸ್ತೆಗಿಳಿಯಬೇಕು. ಮಿನೆಸೋಟಾದಲ್ಲಿ ಇದು ಕಾನೂನು. ಮನೆಗೆ ಬಂದು ಫ್ಲೈ ಲೈನನ್ನು ಸೋಪುನೀರಿನ ಬಟ್ಟೆಯಿಂದ ಒರೆಸಿ, ಒದ್ದೆ ಫ್ಲೈಗಳ ಡಬ್ಬಿಯನ್ನು ರಾತ್ರಿಯಿಡೀ ತೆರೆದಿಡಿ, ಮುಚ್ಚಿಟ್ಟರೆ ಕೊಕ್ಕೆಗಳು ತುಕ್ಕು ಹಿಡಿಯುತ್ತವೆ. ಬಿರಡೆಯನ್ನು ಮಾತ್ರ ಕಾರಿನ ಕೀಲಿಯ ಪಕ್ಕದಲ್ಲೇ ಇಡಿ, ಮುಂದಿನ ಬಾರಿ ದೋಣಿ ಇಳಿಸುವ ಮುನ್ನ ಅದು ನೆನಪಾಗಬೇಕು.